ಒಪ್ಪಿಗೆ ಗುಂಡಿಯ ಕಡತ

ಕಚೇರಿಗೆ ಬಂದ ಯಾವುದೇ ಬರಹವನ್ನು, ಅದು ಯಾವ ದಾರಿಯಿಂದ ಬಂದಿದ್ದರೂ ಸರಿ, ಟಪಾಲು ಪುಸ್ತಕದಲ್ಲಿ ಬರೆದುಕೊಂಡು, ಸಂಖ್ಯೆ ಕೊಟ್ಟು, ಕಡತದಲ್ಲಿಟ್ಟು, ಮೇಲಧಿಕಾರಿಗಳ ರುಜು ಪಡೆದು ಉತ್ತರಿಸತಕ್ಕದ್ದು. ಇದು ನಮ್ಮ ವಿವಾಹ ನೋಂದಣಿ ಕಚೇರಿಯ ಕೈಪಿಡಿಯ ನಾಲ್ಕನೇ ನಿಯಮ. ಟಪಾಲು ಗುಮಾಸ್ತನಾಗಿ ಇಪ್ಪತ್ತಾರು ವರ್ಷದಿಂದ ಈ ನಿಯಮಕ್ಕೆ ಒಂದು ಗೀರೂ ಬೀಳದಂತೆ ನಾನು ಕಾಪಾಡಿಕೊಂಡು ಬಂದಿದ್ದೇನೆ. ಒಮ್ಮೆ ಕಿಟಕಿಯಿಂದ ಗಾಳಿಗೆ ಹಾರಿಬಂದ ಕೂದಲೆಣ್ಣೆಯ ಕರಪತ್ರಕ್ಕೂ ಸಂಖ್ಯೆ ಬಿದ್ದಿತ್ತು. 'ತಾವು ತಿಳಿಸಿರುವ ಕೂದಲು ಉದುರುವ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ' ಎಂದು ನಾವು ಉತ್ತರ ಬರೆದೆವು. ಆ ಎಣ್ಣೆಯವರು ಇವತ್ತಿನವರೆಗೂ ಒಂದು ಸಾಲು ಮರುತ್ತರ ಬರೆದಿಲ್ಲ. ಎಲ್ಲರಿಗೂ ನಮ್ಮ ಶಿಸ್ತು ಬರಬೇಕು ಅಂದರೆ ಎಲ್ಲಿಂದ ಬರುತ್ತದೆ?

ಹೀಗಿದ್ದ ಕಚೇರಿಗೆ ಮೇಲ್ಕಚೇರಿಯಿಂದ ಒಂದು ಸುತ್ತೋಲೆ ಬಂತು. ನಮ್ಮ ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಂಗೆ ವಯಸ್ಸಾಗಿರುವುದರಿಂದ ಅದನ್ನು ಸೇವೆಯಿಂದ ಬಿಡುಗಡೆ ಮಾಡಿ, ಬರುವ ಸೋಮವಾರ, ಒಂಬತ್ತನೇ ತಾರೀಖಿನಿಂದ ಹೊಸದನ್ನು ಅಳವಡಿಸಿಕೊಳ್ಳತಕ್ಕದ್ದು. ಅಂದಿನಿಂದ ಕೈಬರಹದ ಪ್ರಮಾಣಪತ್ರವಾಗಲಿ ಹಳೆಯ ಸಿಸ್ಟಂನಲ್ಲಿ ಮುದ್ರಿಸಿದ ಪ್ರಮಾಣಪತ್ರವಾಗಲಿ ನಡೆಯತಕ್ಕದ್ದಲ್ಲ. ನಮ್ಮಲ್ಲಿ ಕಂಪ್ಯೂಟರು ಇರುವುದು ಒಂದೇ. ಉಳಿದ ಆರು ಮೇಜುಗಳ ಮೇಲಿರುವುದು ಹೊದಿಕೆಗಳು. ಹೊದಿಕೆಯ ಕೆಳಗೆ ಏನಿದೆ ಎಂದು ತೆಗೆದು ನೋಡಲು ಅನುಮತಿ ಕೇಳಿ ಬರೆದು ನಾಲ್ಕು ವರ್ಷವಾಯಿತು. ಶನಿವಾರ ಸಂಜೆ ಹಳೆಯ ಸಿಸ್ಟಂಗೆ ಚಿಕ್ಕದೊಂದು ಬೀಳ್ಕೊಡುಗೆ ನಡೆಯಿತು. "ಹನ್ನೊಂದು ವರ್ಷದಲ್ಲಿ ಒಂದು ದಿನ ರಜೆ ಕೇಳಿದ್ದಿಲ್ಲ, ಕೆಟ್ಟು ನಿಂತದ್ದು ಮಾತ್ರ ಉಂಟು" ಎಂದು ಸಾಹೇಬರು, ಅಂದರೆ ನಮ್ಮ ನೋಂದಣಾಧಿಕಾರಿಗಳು, ಹೊಗಳಿದರು.

ಸೋಮವಾರ ಹತ್ತೂವರೆಗೆ ಕಂಪ್ಯೂಟರ್ ರಿಪೇರಿಯವನು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಏನೋ ಸಿಕ್ಕಿಸಿದ, ಏನೋ ಒತ್ತಿದ, ಎದ್ದು ನಿಂತ.

"ಅದೇ ನಡ್ಕೊಂಡು ಹೋಗುತ್ತೆ. ಮಧ್ಯೆ ಮಧ್ಯೆ ಏನಾದ್ರೂ ಕೇಳುತ್ತೆ. ಸುಮ್ನೆ 'ಒಪ್ಪಿದೆ' ಅಂತ ಒತ್ತಾ ಇರಿ. ಊಟದ ಹೊತ್ತಿಗೆ ಮುಗಿದುಹೋಗುತ್ತೆ."

"ಸುಮ್ನೆ ಒತ್ತೋಕೆ ಇದೇನು ಲಿಫ್ಟಾ?" ಎಂದರು ಷರಾ ಮೇಡಂ. ಇವರು ನಮ್ಮ ಮೇಲ್ವಿಚಾರಕರು. ಯಾವ ಕಾಗದ ಕೈಗೆ ಬಂದರೂ ಅಂಚಿನಲ್ಲಿ ಒಂದು ಷರಾ ಬರೆಯದೆ ಬಿಡುವವರಲ್ಲ. ಆದ್ದರಿಂದ ಆ ಹೆಸರು. ರಿಪೇರಿಯವನು ನಕ್ಕು ಹೊರಟುಹೋದ. ಅವನು ಮೆಟ್ಟಿಲಿಳಿಯುವ ಮೊದಲೇ ಪರದೆಯ ಮೇಲೆ ಅಕ್ಷರ ಮೂಡಿತು: 'ನವೀಕರಣ ನಡೆಯುತ್ತಿದೆ. ದಯವಿಟ್ಟು ಕಂಪ್ಯೂಟರನ್ನು ಆರಿಸಬೇಡಿ.'

ಬರಹ ಕಚೇರಿಗೆ ಬಂದಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ನಾನು ಅದನ್ನು ಕೈಯಲ್ಲಿ ನಕಲು ಮಾಡಿಕೊಂಡು, ಸಂಖ್ಯೆ ಎರಡು ಸಾವಿರದ ನೂರ ಹದಿನೇಳು ಕೊಟ್ಟು, ಕಡತ ತೆರೆದೆ. 'ತಮ್ಮ ಪತ್ರ ತಲುಪಿದೆ. ಆರಿಸಿಲ್ಲ' ಎಂದು ಉತ್ತರದ ಕರಡು ತಯಾರಾಯಿತು. ಸಾಹೇಬರು ಅದನ್ನು 'ಆರಿಸಿರುವುದಿಲ್ಲ' ಎಂದು ತಿದ್ದಿ ಗುರುವಾರ ರುಜು ಹಾಕಿದರು. ಕಳಿಸಿದವರ ವಿಳಾಸ ಪರದೆಯೇ ಆದ್ದರಿಂದ ಉತ್ತರವನ್ನು ಗೋಂದು ಹಚ್ಚಿ ಪರದೆಗೇ ಅಂಟಿಸಿದೆವು. ನಟ್ಟನಡುವೆ ಅಂಟಿಸಿದ್ದರಿಂದ ಮುಂದಿನ ಎರಡು ಸಂದೇಶಗಳು ನಮ್ಮ ಉತ್ತರದ ಹಿಂದೆಯೇ ಬಂದು ಹೋಗಿಬಿಟ್ಟವು. ಆಮೇಲೆ ಅದನ್ನು ಒಂದು ಮೂಲೆಗೆ ಸರಿಸಲಾಯಿತು. ಯಾರೂ ಕಂಪ್ಯೂಟರ್ ಆರಿಸದಂತೆ ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿ ಜವಾನನನ್ನು ಕೂರಿಸಲಾಯಿತು. ಆತ ಮೊದಲಿನಿಂದಲೂ ಏನೂ ಮಾಡದೆ ಕೂರುತ್ತಿದ್ದ. ಈಗ ಅದಕ್ಕೊಂದು ಲಿಖಿತ ಆದೇಶ ಸಿಕ್ಕಿ ಅವನ ಬೆನ್ನು ನೆಟ್ಟಗಾಯಿತು.

ಆ ಸೋಮವಾರವೇ ನರ್ಸಮ್ಮ ಬಂದದ್ದು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಬಿಳಿ ಸಮವಸ್ತ್ರದಲ್ಲೇ ನೆಟ್ಟಗೆ ನಮ್ಮ ಕೌಂಟರಿಗೆ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಗಂಡ ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಎಂಟು ತಿಂಗಳಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಹನ್ನೊಂದು ದಿನ. ಆಕೆಯೇ ಬೆರಳು ಮಡಚಿ ಎಣಿಸಿ ಹೇಳಿದರು. ಈಗ ಆ ಊರಿನ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಗಂಡ ಇರುವ ಊರು ಎಂದು ತೋರಿಸಲು ವಿವಾಹ ಪ್ರಮಾಣಪತ್ರವನ್ನು ಮೂವತ್ತನೇ ತಾರೀಖಿನೊಳಗೆ ಕೊಟ್ಟರೆ ವರ್ಗಾವಣೆ. ತಪ್ಪಿದರೆ ಇನ್ನು ಮೂರು ವರ್ಷ ಕೇಳುವಂತಿಲ್ಲ.

"ಅರ್ಜಿ ಸರಿಯಾಗಿದೆ ಅಮ್ಮಾ," ಎಂದೆ. "ಸಿಸ್ಟಂ ಬದಲಾಗ್ತಾ ಇದೆ. ಮುಗಿದ ತಕ್ಷಣ ಕೊಡ್ತೀವಿ."

"ಎಷ್ಟಾಗಿದೆ?"

ಇಣುಕಿ ನೋಡಿದೆ. "ಶೇಕಡಾ ಎಂಟು."

"ಹಂಗಾದ್ರೆ ಕಾಯ್ತೀನಿ ಬಿಡಿ," ಎಂದು ಬೆಂಚಿನ ಮೇಲೆ ಕೂತರು. ಪಾಪ, ನಿದ್ದೆಗೆಟ್ಟ ಕಣ್ಣು. ಆಕೆಯನ್ನು ಕಂಡು ನನ್ನ ಕರುಳು ಚುರುಕ್ ಅಂದದ್ದು ನಿಜ. ಆದರೆ ಕರುಳಿಗೆ ಟಪಾಲು ಪುಸ್ತಕದಲ್ಲಿ ಕಾಲಂ ಇಲ್ಲ.

ಮುಂದಿನ ಸೋಮವಾರದ ಹೊತ್ತಿಗೆ ಶೇಕಡಾ ಮೂವತ್ತನಾಲ್ಕಕ್ಕೆ ಬಂದಿದ್ದ ಕೆಲಸ ನೋಡನೋಡುತ್ತಿದ್ದಂತೆ ಹನ್ನೆರಡಕ್ಕೆ ಇಳಿಯಿತು. ಇಷ್ಟು ಹಿಂದಕ್ಕೆ ಹೋಗಲು ನಮ್ಮ ಕಚೇರಿಗೂ ಕನಿಷ್ಠ ಆರು ತಿಂಗಳು ಬೇಕು. ಷರಾ ಮೇಡಂ ಪರದೆಗೆ ಕಾರಣ ಕೇಳುವ ನೋಟಿಸ್ ಅಂಟಿಸಿದರು. ಅರ್ಧ ಗಂಟೆಯಲ್ಲಿ ಪರದೆ ಉತ್ತರಿಸಿತು: 'ಅನಿರೀಕ್ಷಿತ ದೋಷ ಸಂಭವಿಸಿದೆ.'

"ಸಮಜಾಯಿಷಿ ತೃಪ್ತಿಕರವಾಗಿಲ್ಲ," ಎಂದು ಮೇಡಂ ಷರಾ ಎಳೆದರು.

ಸಾಹೇಬರು ಮಾತ್ರ ಮೆಚ್ಚಿಕೊಂಡರು. "ದೋಷ ಆಗಿದೆ ಅಂತ ಬಾಯಿಬಿಟ್ಟು ಹೇಳ್ತಲ್ರೀ! ಈ ಕಟ್ಟಡದಲ್ಲಿ ಇದುವರೆಗೂ ಯಾರಾದ್ರೂ ಹೇಳಿದ್ದಾರಾ? ಎಚ್ಚರಿಕೆ ಕೊಟ್ಟು ಬಿಟ್ಟುಬಿಡಿ." ಹಾಗೆಯೇ ಬಿಡಲಾಯಿತು.

ಬುಧವಾರ ಪರದೆಯ ಮೇಲೆ ಒಂದು ಉದ್ದನೆಯ ಪತ್ರ ಬಂತು. ಬಳಕೆಯ ಷರತ್ತುಗಳು, ಅರವತ್ತೆರಡು ಪುಟ. ಕೊನೆಯಲ್ಲಿ ಎರಡು ಗುಂಡಿ: 'ಒಪ್ಪಿದೆ', 'ಒಪ್ಪುವುದಿಲ್ಲ'. ಹತ್ತು ನಿಮಿಷ ಯಾರೂ ಏನೂ ಒತ್ತದಿದ್ದರೆ ಅದು ತಾನಾಗಿ ಮೊದಲ ಪುಟಕ್ಕೆ ಹೋಗಿಬಿಡುತ್ತಿತ್ತು. ನಾಲ್ಕನೇ ನಿಯಮದಂತೆ ನಾನು ಇಡೀ ಪತ್ರವನ್ನು ನಕಲು ಮಾಡಲೇಬೇಕು. ಓದಿ ಬರೆಯುವಷ್ಟರಲ್ಲಿ ಹತ್ತು ನಿಮಿಷ ಕಳೆದು ಪತ್ರ ಹಿಂದಕ್ಕೆ ಓಡುತ್ತಿತ್ತು. ದಿನವೂ ಪಾಳಿ ಮುಗಿಸಿ ಬಂದು ಕೂರುತ್ತಿದ್ದ ನರ್ಸಮ್ಮ ನನ್ನ ಪಾಡು ನೋಡಲಾರದೆ ಬೆಂಚಿನಿಂದ ಎದ್ದರು.

"ಪರದೆ ಈ ಕಡೆ ತಿರುಗಿಸಿ. ನಾನು ಓದ್ತೀನಿ, ನೀವು ಬರ್ಕೊಳ್ಳಿ."

ಹೊರಗಿನವರು ಒಳಗೆ ಬರುವಂತಿಲ್ಲ ಎಂಬ ನಿಯಮ ಇದೆಯೇ ಹೊರತು ಪರದೆ ಹೊರಗೆ ಮುಖ ಮಾಡುವಂತಿಲ್ಲ ಎಂಬ ನಿಯಮ ಇಲ್ಲ. ಆಕೆ ಕೌಂಟರಿನಾಚೆಯಿಂದ ಔಷಧಿ ಚೀಟಿ ಓದುವಂತೆ ಗಟ್ಟಿಯಾಗಿ ಓದಿದರು, ನಾನು ಬರೆದೆ. ಮೂರು ದಿನ ಹಿಡಿಯಿತು. ನಲವತ್ತೊಂದನೇ ಪುಟದಲ್ಲಿ ಆಕೆ ಓದು ನಿಲ್ಲಿಸಿದರು.

"'ಒಪ್ಪದಿದ್ದಲ್ಲಿ ಈ ಸಿಸ್ಟಂ ಕೆಲಸ ಮಾಡುವುದಿಲ್ಲ' ಅಂತಿದೆ ಇಲ್ಲಿ. ಇನ್ನೇನು ಯೋಚನೆ? ಒತ್ತಿಬಿಡಿ ಅಣ್ಣಾ, ನಿಮಗೆ ಕೈಮುಗೀತೀನಿ."

ಅಷ್ಟು ಸುಲಭವಾಗಿದ್ದರೆ ಕಚೇರಿಗಳು ಯಾಕೆ ಬೇಕಿತ್ತು? ಯಾರು ಒತ್ತಬೇಕು ಎಂದು ತಿಳಿಯಲು ಸಾಹೇಬರು ಕರ್ತವ್ಯಗಳ ಪಟ್ಟಿ ತರಿಸಿದರು. ಅರ್ಜಿಯನ್ನು ಹಿಂದಿರುಗಿಸುವ ಅಧಿಕಾರ ಎರಡು ಹುದ್ದೆಗಳಿಗಿತ್ತು. ಆಕ್ಷೇಪಣೆ ಎತ್ತುವ ಅಧಿಕಾರ ನಾಲ್ಕಕ್ಕೆ. ಬಾಕಿ ಇಡುವ ಅಧಿಕಾರ ಜವಾನನೂ ಸೇರಿ ಎಲ್ಲರಿಗೂ. ಒಪ್ಪುವ ಅಧಿಕಾರ ಯಾರಿಗೂ ಇರಲಿಲ್ಲ. ಇಷ್ಟು ವರ್ಷ ಪ್ರಮಾಣಪತ್ರ ಹೇಗೆ ಕೊಡುತ್ತಿದ್ದೆವು ಎಂದು ನೀವು ಕೇಳಬಹುದು. ಎಲ್ಲರೂ ಆಕ್ಷೇಪಣೆ ಎತ್ತಲು ಮರೆತ ಅರ್ಜಿಗಳು ತಾವಾಗಿಯೇ ಪ್ರಮಾಣಪತ್ರಗಳಾಗುತ್ತಿದ್ದವು.

ಇನ್ನೊಂದು ಗುಂಡಿಗೆ ಈ ತೊಡಕಿರಲಿಲ್ಲ. ಹಿರಿಯ ಗುಮಾಸ್ತರು, ಬಂದದ್ದನ್ನೆಲ್ಲ ಹಿಂದಿರುಗಿಸುವುದರಿಂದ 'ವಾಪಸ್ ರಾಯರು' ಎನಿಸಿಕೊಂಡವರು, 'ಒಪ್ಪುವುದಿಲ್ಲ' ಒತ್ತಲು ಸರ್ವಥಾ ಅರ್ಹರು. ಅಧಿಕಾರ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಅವರು ಅದನ್ನು ಮೂರು ಸಲ ಒತ್ತಿದರು. ಮೂರು ಸಲವೂ ಕೆಲಸ ಸೊನ್ನೆಗೆ ಹೋಗಿ ಮತ್ತೆ ಮೇಲೆ ಬಂದು ಅದೇ ಗುಂಡಿಗಳ ಮುಂದೆ ನಿಂತಿತು. "ನನ್ನ ಕೈಯಿಂದ ಇಷ್ಟು ಬೇಗ ಫಲ ಯಾವತ್ತೂ ಬಂದಿರಲಿಲ್ಲ," ಎಂದು ರಾಯರು ಬೆರಳನ್ನೇ ನೋಡಿಕೊಂಡರು.

ಇಪ್ಪತ್ತಮೂರನೇ ತಾರೀಖು ನರ್ಸಮ್ಮನ ತಾಳ್ಮೆ ಕಿತ್ತುಹೋಯಿತು.

"ಒಂದು ಬೆರಳು! ಒಂದು ಬೆರಳು ಒತ್ತೋಕೆ ಎರಡು ವಾರ! ನಮ್ಮ ಆಸ್ಪತ್ರೇಲಿ ಹಿಂಗೆ ಮಾಡಿದ್ರೆ ರೋಗಿ ಸತ್ತೇ ಹೋಗ್ತಾನೆ."

"ಅದಕ್ಕೇ ಅಮ್ಮಾ ನಾವು ಆಸ್ಪತ್ರೆ ನಡೆಸ್ತಾ ಇಲ್ಲ," ಎಂದು ಷರಾ ಮೇಡಂ ಸಮಾಧಾನ ಹೇಳಿದರು.

ಆಕೆ ಮುಖ ಮುಚ್ಚಿಕೊಂಡು ಅತ್ತರು. ನನಗೆ ತಡೆಯಲಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಾನೇ ಒಂದು ಟಿಪ್ಪಣಿ ಮಂಡಿಸಿದೆ: ಒಪ್ಪುವ ಹುದ್ದೆ ಇಲ್ಲದಿರುವುದರಿಂದ ಅಂಥದ್ದೊಂದನ್ನು ಸೃಷ್ಟಿಸಬಹುದು. ಮರುದಿನವೇ ಸಭೆ ಸೇರಿತು. ಕಾಯಂ ನೌಕರರು ಯಾರೂ ಬೇಡ, ಒಮ್ಮೆ ಒಪ್ಪಿದವರನ್ನು ಜನ ಮತ್ತೆ ಮತ್ತೆ ಒಪ್ಪಿ ಎಂದು ಪೀಡಿಸುತ್ತಾರೆ ಎಂದು ವಾಪಸ್ ರಾಯರು ಎಚ್ಚರಿಸಿದರು. ಕೊನೆಗೆ ಫಲಕದ ಮೇಲೆ ಪ್ರಕಟಣೆ ಬಿತ್ತು:

'ಒಪ್ಪಿಗೆ ಅಧಿಕಾರಿ, ಒಂದು ಹುದ್ದೆ, ತಾತ್ಕಾಲಿಕ. ಅರ್ಹತೆ: ಅಕ್ಷರಸ್ಥರಾಗಿರಬೇಕು, ಈ ಕಚೇರಿಯ ನೌಕರರಾಗಿರಬಾರದು, ಆದರೆ ಪ್ರತಿದಿನ ಕಚೇರಿಗೆ ಬರುತ್ತಿರಬೇಕು, ಅರವತ್ತೆರಡು ಪುಟದ ಷರತ್ತುಗಳನ್ನು ಪೂರ್ತಿ ಓದಿರಬೇಕು. ಹೊಸ ಸಿಸ್ಟಂ ಕೇಳುವ ಎಲ್ಲ ಒಪ್ಪಿಗೆಗಳನ್ನೂ ಇವರೇ ಕೊಡತಕ್ಕದ್ದು. ಸ್ವಂತ ವಿಷಯದಲ್ಲಿ ಸ್ವತಃ ಒಪ್ಪಿಗೆ ಕೊಡತಕ್ಕದ್ದಲ್ಲ.'

ಇಷ್ಟೂ ಅರ್ಹತೆ ಇದ್ದ ವ್ಯಕ್ತಿ ಭೂಮಿಯ ಮೇಲೆ ಒಬ್ಬರೇ ಇದ್ದರು ಮತ್ತು ಅವರು ನಮ್ಮ ಬೆಂಚಿನ ಮೇಲೆ ಕೂತಿದ್ದರು.

"ಒಂದು ಗುಂಡಿ ಒತ್ತಿ, ನಿಮ್ಮ ಪ್ರಮಾಣಪತ್ರ ತಗೊಂಡು ಹೋಗಿಬಿಡಿ," ಎಂದು ನಾನು ಅರ್ಜಿಯ ನಮೂನೆ ಕೊಟ್ಟೆ. ಆಕೆ ಕಣ್ಣೊರೆಸಿಕೊಂಡು ಸರಸರ ತುಂಬುತ್ತಾ ಹೋದರು. ಹನ್ನೊಂದನೇ ಕಾಲಂನಲ್ಲಿ ಪೆನ್ನು ನಿಂತಿತು. ವೈವಾಹಿಕ ಸ್ಥಿತಿ: ವಿವಾಹಿತರಾಗಿದ್ದಲ್ಲಿ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

"ಪ್ರಮಾಣಪತ್ರ ಸಿಗ್ಲಿ ಅಂತ ತಾನೇ ಇದನ್ನು ತುಂಬ್ತಾ ಇರೋದು?"

"ಹೌದು. ಆದ್ರೆ ಲಗತ್ತು ಇಲ್ಲದಿದ್ರೆ ವಾಪಸ್ ರಾಯರು ಬಿಡಲ್ಲ."

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ನಮ್ಮಜ್ಜಿ ಹೇಳೋರು. ಯಾರ ಹುಚ್ಚು ಅಂತ ಈಗ ಗೊತ್ತಾಯ್ತು," ಎಂದು ಆಕೆ ಗಂಡನಿಗೆ ಫೋನ್ ಮಾಡಿದರು. "ರೀ, ನಾನು ಅವಿವಾಹಿತೆ ಅಂತ ಬರೆದು ರುಜು ಹಾಕ್ಬೇಕಂತೆ. ಏನ್ಮಾಡ್ಲಿ?"

ಆ ಕಡೆಯಿಂದ ಬಂದ ಮಾತು ನಮಗೂ ಕೇಳಿಸಿತು. "ಬರೆದುಬಿಡು ಕಣೇ. ಒಂದು ದಿನದ ಮಾತು ತಾನೇ. ನನಗೇನು, ನಾಳೆ ಮತ್ತೆ ಗಂಡ ಆಗ್ತೀನಿ."

ಆಕೆ ಬರೆದರು. ಇಪ್ಪತ್ತಾರನೇ ತಾರೀಖು ಗುರುವಾರ ಹನ್ನೊಂದು ಗಂಟೆಗೆ, ಸಾಹೇಬರ ಸಮಕ್ಷಮ, ನೇಮಕಾತಿ ಆದೇಶವನ್ನು ಎಡಗೈಯಲ್ಲಿ ಹಿಡಿದು ನರ್ಸಮ್ಮ 'ಒಪ್ಪಿದೆ' ಒತ್ತಿದರು. ಪರದೆ ಕಪ್ಪಾಯಿತು, ನೀಲಿಯಾಯಿತು, 'ಸುಸ್ವಾಗತ' ಎಂದಿತು. ಜವಾನ ಸ್ಟೂಲಿನಿಂದ ಎದ್ದು ಕುಣಿಯಲು ಹೋಗಿ, ಎದ್ದರೆ ಆದೇಶ ಮೀರಿದಂತಾದೀತು ಎಂದು ಕೂತೇ ಕುಣಿದ.

ಶುಕ್ರವಾರ ಹೊಸ ಸಿಸ್ಟಂ ನಮ್ಮ ಪ್ರಿಂಟರಿನ ಗುರುತು ಸಿಗುತ್ತಿಲ್ಲ ಎಂದಿತು. ಹನ್ನೊಂದು ವರ್ಷದಿಂದ ಪಕ್ಕದಲ್ಲೇ ಕೂತ ಪ್ರಿಂಟರು! 'ಇದೇ ನಮ್ಮ ಪ್ರಿಂಟರು, ಬೇರೆಯವರದಲ್ಲ' ಎಂದು ಇಬ್ಬರು ಸಾಕ್ಷಿಗಳು ಬರೆದುಕೊಟ್ಟರು. ರಿಪೇರಿಯವನು ಬಂದು ಒಂದು ತಂತಿಯನ್ನು ಎಳೆದು ಮತ್ತೆ ಸಿಕ್ಕಿಸಿದ. ಗುರುತು ಸಿಕ್ಕಿತು. ಸಾಕ್ಷಿ ಹೇಳಿಕೆಯಿಂದಲೇ ಸಿಕ್ಕಿದ್ದೆಂದು ಕಡತದಲ್ಲಿದೆ. ಇದೇ ಶುಕ್ರವಾರ ನಾವು ನಿಯಮದಂತೆ ಆಸ್ಪತ್ರೆಗೆ, ತಮ್ಮ ನೌಕರರೊಬ್ಬರು ನಮ್ಮಲ್ಲಿ ಅಧಿಕಾರಿಯಾಗಿ ನೇಮಕಗೊಂಡಿದ್ದಾರೆ ಎಂದು ತಿಳಿಸಿದೆವು. ಆಸ್ಪತ್ರೆಯವರು ಶನಿವಾರವೇ ಆಕೆಯನ್ನು ಕೆಲಸದಿಂದ ಬಿಡುಗಡೆ ಮಾಡಿ ಪತ್ರ ಕಳಿಸಿದರು. ಒಂದೇ ದಿನದಲ್ಲಿ ಉತ್ತರ! ಅಂಥ ಅವಸರದ ಜಾಗದಲ್ಲಿ ರೋಗಿಗಳು ಹೇಗೆ ಬದುಕುತ್ತಾರೋ ಎಂದು ಷರಾ ಮೇಡಂ ನೊಂದುಕೊಂಡರು.

ಮೂವತ್ತನೇ ತಾರೀಖು ಸೋಮವಾರ ಆಕೆಯ ಅರ್ಜಿ ಪರದೆಗೆ ಬಂತು. ಬಿಡುಗಡೆ ಪತ್ರ ಆಕೆಯ ಕೈಚೀಲದಲ್ಲಿತ್ತು. ಆದರೂ ಪ್ರಮಾಣಪತ್ರ ಒಂದು ಕೈಗೆ ಬಂದರೆ ಆಸ್ಪತ್ರೆಯವರ ಕಾಲಾದರೂ ಹಿಡಿಯುತ್ತೇನೆ ಎಂದು ಬೆಳಿಗ್ಗೆಯೇ ನನಗೆ ಹೇಳಿದ್ದರು. ಕೊನೆಯಲ್ಲಿ ಅದೇ ಗುಂಡಿ. ಆಕೆಯ ಬೆರಳು ಇನ್ನೇನು ಮುಟ್ಟಬೇಕು, ಷರಾ ಮೇಡಂ ಕೆಮ್ಮಿದರು.

"ಸ್ವಂತ ವಿಷಯ."

ಆ ಷರತ್ತಿನ ಕರಡು ಬರೆದವನು ನಾನೇ. ಬರೆಯುವಾಗ ನನಗೆ ಹೊಳೆದಿರಲಿಲ್ಲ; ಹೊಳೆದಿದ್ದರೂ ಬರೆಯುತ್ತಿದ್ದೆನೇನೋ, ಅಷ್ಟು ಚೆನ್ನಾಗಿ ಕೂತಿತ್ತು ಆ ವಾಕ್ಯ.

"ಅಷ್ಟೇ ಅಲ್ಲ," ಎಂದು ವಾಪಸ್ ರಾಯರು ಇನ್ನೊಂದು ಕಾಗದ ತೆಗೆದರು. "ಅರ್ಜಿದಾರರು ಅವಿವಾಹಿತೆ ಅಂತ ಅವರೇ ರುಜು ಹಾಕಿ ಕೊಟ್ಟಿದ್ದಾರಲ್ಲ. ಅವಿವಾಹಿತೆಗೆ ವಿವಾಹ ಪ್ರಮಾಣಪತ್ರ ಕೊಟ್ರೆ ನಾಳೆ ಯಾರು ಜವಾಬ್ದಾರಿ?"

"ಅದನ್ನ ವಾಪಸ್ ತಗೋತೀನಿ," ಎಂದರು ನರ್ಸಮ್ಮ.

"ಧಾರಾಳವಾಗಿ. ವಾಪಸ್ ತಗೊಳೋಕೆ ಒಂದು ಅರ್ಜಿ ಕೊಡಿ. ಒಪ್ಪಿಗೆ ಅಧಿಕಾರಿಗಳು ಒಪ್ಪಬೇಕು."

"ನಾನೇ ಅಲ್ವಾ ಅದು?"

"ಅದೇ ತೊಂದರೆ."

ಆಕೆ ರಾಜೀನಾಮೆ ಬರೆದು ಮೇಜಿನ ಮೇಲೆ ಎಸೆದರು. ಅದಕ್ಕೂ ಸಂಖ್ಯೆ ಬಿತ್ತು. ರಾಜೀನಾಮೆಯನ್ನು ಅಂಗೀಕರಿಸುವವರು ಯಾರು ಎಂದು ಹುಡುಕಿದಾಗ ಆಕೆಯ ಹೆಸರಿನ ಫಲಕವೇ ಸಿಕ್ಕಿತು. ಹೀಗೆ ಮೂವತ್ತನೇ ತಾರೀಖು ಕಳೆಯಿತು. ಆ ಊರಿನ ಜಾಗ ಬೇರೆಯವರ ಪಾಲಾಯಿತು. ಅಂದು ಸಂಜೆ ಆಕೆ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋಗುವುದನ್ನು ನಾನು ನೋಡಿದೆ. ಮನೆಗೆ ಹೋದರೂ ಊಟ ಸೇರಲಿಲ್ಲ.

ಆದರೆ ಕೆಲಸ ನಿಲ್ಲಲಿಲ್ಲ. ಮರುದಿನ ಕೌಂಟರಿನ ಮುಂದೆ ನೂರಾರು ಜೋಡಿಗಳು, ಒಳಗೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಪ್ಪಿಗೆ ಕೇಳುವ ಸಿಸ್ಟಂ. ಆಕೆ ಬಂದರು, ಕೂತರು, ಒತ್ತಿದರು. ಒಂದು ವಾರದ ಮೇಲೆ ಗಂಡ ಅಂಗಡಿಗೆ ಬೀಗ ಹಾಕಿ ಬಂದರು. ತಮ್ಮ ಮದುವೆಯ ಅರ್ಜಿ ಏನಾಯಿತು ಎಂದು ಕೌಂಟರಿನಲ್ಲಿ ವಿಚಾರಿಸಿದರು.

"ಏನಾಯ್ತೇ ನಮ್ಮದು?"

"ಏಕವಚನ ಬೇಡ, ಇದು ಕಚೇರಿ," ಎಂದರು ಆಕೆ, ಕತ್ತೆತ್ತದೆ. "ಬಾಕಿ ಇದೆ. ನಾಳೆ ಬನ್ನಿ."

ಅವರು ನಾಳೆ ಬಂದರು. ಅದರ ನಾಳೆಯೂ ಬಂದರು. ಬೆಂಚಿನ ಮೇಲೆ ಸುಮ್ಮನೆ ಕೂರುವ ಬದಲು ಸಣ್ಣ ಸ್ಕ್ರೂ ಡ್ರೈವರು ತಂದು ನಮ್ಮೆಲ್ಲರ ಕನ್ನಡಕದ ಕಾಲು ಬಿಗಿಮಾಡಿಕೊಟ್ಟರು. ಷರಾ ಮೇಡಂಗೆ ಈಗ ಅಂಚಿನಲ್ಲಿ ಇನ್ನೂ ಚಿಕ್ಕ ಜಾಗ ಕಂಡರೂ ಷರಾ ಬರೆಯಲು ಸಾಧ್ಯವಾಗಿದೆ. ಸಂಜೆ ಐದೂವರೆಗೆ ಅರ್ಜಿದಾರರು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಾರೆ, ಒಪ್ಪಿಗೆ ಅಧಿಕಾರಿಗಳು ಇಳಿದು ಬರುತ್ತಾರೆ, ಹಿಂದಿನ ಬೀದಿಯಲ್ಲಿ ಹಿಡಿದಿರುವ ಎರಡು ಕೋಣೆಯ ಮನೆಗೆ ಇಬ್ಬರೂ ಹೋಗುತ್ತಾರೆ. ಎಂಟು ತಿಂಗಳಲ್ಲಿ ಹನ್ನೊಂದು ದಿನ ಸಿಕ್ಕಿದ್ದವರಿಗೆ ಈಗ ದಿನಗಳ ಲೆಕ್ಕವೇ ತಪ್ಪಿದೆ. ಮದುವೆಯಾಗದ ಇಬ್ಬರು ಇಷ್ಟು ಹೊಂದಿಕೊಂಡಿರುವುದನ್ನು ನಾನೆಲ್ಲೂ ಕಂಡಿಲ್ಲ ಎಂದು ವಾಪಸ್ ರಾಯರು ಮೆಚ್ಚುತ್ತಾರೆ.

ಕಳೆದ ವಾರ ಒಪ್ಪಿಗೆ ಅಧಿಕಾರಿಗಳಿಂದ ಹೆರಿಗೆ ರಜೆಯ ಅರ್ಜಿ ಬಂದಿದೆ. ಅವಿವಾಹಿತೆ ಎಂದು ದಾಖಲಾದವರಿಗೆ ಈ ರಜೆ ಸಲ್ಲುತ್ತದೆಯೇ, ಸಲ್ಲುವುದಾದರೆ ಸ್ವಂತ ವಿಷಯವಾದ ಇದನ್ನು ಯಾರು ಒಪ್ಪಬೇಕು ಎಂದು ನಾವು ಮೇಲ್ಕಚೇರಿಗೆ ಬರೆದು ಕೇಳಿದ್ದೇವೆ. ಉತ್ತರ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಹೆರಿಗೆಯನ್ನು ಬಾಕಿ ಇಡತಕ್ಕದ್ದು ಎಂದು ಷರಾ ಮೇಡಂ ಅಂಚಿನಲ್ಲಿ ಷರಾ ಬರೆದರು, ಸಾಹೇಬರು ರುಜು ಹಾಕಿದರು. ಕಡತವನ್ನು ನಾನೇ ಆಕೆಯ ಮೇಜಿಗೆ ಒಯ್ದೆ. ಎಷ್ಟಾದರೂ ನರ್ಸ್ ಆಗಿದ್ದವರು, ಈಗಲಾದರೂ ಜಗಳಕ್ಕೆ ನಿಲ್ಲುತ್ತಾರೆ ಎಂದು ನನಗೊಂದು ಅಳುಕಿತ್ತು. ಆಕೆ ಷರಾವನ್ನು ಎರಡು ಸಲ ಓದಿದರು. ಬೆಂಚಿನ ಮೇಲಿದ್ದ ಅರ್ಜಿದಾರರ ಕಡೆಗೊಮ್ಮೆ ನೋಡಿ, ಹೊಟ್ಟೆಯ ಮೇಲೆ ಎಡಗೈ ಇಟ್ಟುಕೊಂಡು, ಕೆಳಗೆ ಮುದ್ದಾದ ಅಕ್ಷರದಲ್ಲಿ 'ನೋಡಿದೆ. ಪಾಲಿಸಲಾಗುವುದು' ಎಂದು ಬರೆದು ತಾರೀಖು ಹಾಕಿದರು.